ಅಪ್ಪನ ಹತ್ತಿರ ಕಾರ್ಡ್ ಇದೆ, ಆಸ್ಪತ್ರೆಯವರು ಮಾತ್ರ ನಡೆಯಲ್ಲ ಅಂತಾರೆ

ಪ್ರಶ್ನೆ: ನಮ್ಮದು ಕೋಲಾರ ಜಿಲ್ಲೆ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿ. ನಾನು ಬೆಂಗಳೂರಲ್ಲಿದ್ದೇನೆ. ಅಪ್ಪನಿಗೆ 73, ಅಮ್ಮನಿಗೆ 66. ಅಪ್ಪನಿಗೆ ಸ್ವಲ್ಪ ದೂರ ನಡೆದರೆ ಎದೆ ಹಿಡಿದ ಹಾಗಾಗುತ್ತದೆ. ಖಾಸಗಿ ಆಸ್ಪತ್ರೆಯಲ್ಲಿ ಕೈಯಿಂದ ದುಡ್ಡು ಕಟ್ಟಿ ಆಂಜಿಯೋಗ್ರಾಂ ಮಾಡಿಸಿದೆವು. ಸ್ಟೆಂಟ್ ಹಾಕಬೇಕು, ತಡ ಮಾಡಬೇಡಿ ಎಂದಿದ್ದಾರೆ. 70 ದಾಟಿದವರ ಆಯುಷ್ಮಾನ್ ಕಾರ್ಡನ್ನು ಮೊಬೈಲ್‌ನಲ್ಲೇ ಮಾಡಿಸಿದ್ದೆ. ತೋರಿಸಿದರೆ, "ಇದು ಇಲ್ಲಿ ನಡೆಯಲ್ಲ, ಬಿಪಿಎಲ್ ಇದ್ರೆ ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ತನ್ನಿ" ಎಂದರು. ಬಿಪಿಎಲ್ ಕಾರ್ಡ್ ಇದೆ, ಅಣ್ಣನ ಸಂಸಾರವೂ ಅದರಲ್ಲೇ ಇದೆ. ಅಮ್ಮನಿಗೆ 70 ಆಗಿಲ್ಲ, ಅವರಿಗೆ ಏನೂ ಸಿಗಲ್ವಾ? ಡೇರಿಯಲ್ಲಿ ಯಶಸ್ವಿನಿಗೆ 500 ರೂಪಾಯಿ ಕಟ್ಟಿ ಅಂತಿದ್ದಾರೆ, ಅದು ದಂಡವಾ? ಇನ್ನೊಂದು, ಮಾಲೂರಿನ ಫ್ಯಾಕ್ಟರಿಯಿಂದ ರಿಟೈರ್ ಆದ ಚಿಕ್ಕಪ್ಪ ಇದ್ದಾರೆ. ವಯಸ್ಸು 62, ಎಪಿಎಲ್ ಕಾರ್ಡ್. ಅವರಿಗೇನು ದಾರಿ?

ಉತ್ತರ: ಮೊದಲು ಅಪ್ಪನ ವಿಷಯ ಮುಗಿಸೋಣ, ಅದು ಕಾಯುವಂಥದ್ದಲ್ಲ.

ನಿಮ್ಮ ಮನೆಯಲ್ಲಿ ಈಗ ಕೆಲಸಕ್ಕೆ ಬರುವುದು ಬಿಪಿಎಲ್ ರೇಷನ್ ಕಾರ್ಡ್. 70 ದಾಟಿದವರ ಕಾರ್ಡ್ ಆಮೇಲಿನ ಮಾತು. ಆಸ್ಪತ್ರೆಯವರು ಹೇಳಿದ ರೀತಿ ಒರಟಾಗಿರಬಹುದು, ಆದರೆ ರೆಫರಲ್ ಬೇಕು ಎಂದದ್ದು ಸರಿಯಾಗಿಯೇ ಇದೆ. ನಾಳೆಯೇ ಅಪ್ಪನನ್ನು ಕೋಲಾರದ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಆಂಜಿಯೋಗ್ರಾಂ ರಿಪೋರ್ಟು, ಅದರ ಸಿಡಿ, ಇಸಿಜಿ, ಎಕೋ ಮಾಡಿಸಿದ್ದರೆ ಅದು, ಅಪ್ಪನ ಆಧಾರ್, ರೇಷನ್ ಕಾರ್ಡ್, ಇಷ್ಟೂ ಒಂದು ಕವರಿನಲ್ಲಿರಲಿ. ಅಲ್ಲಿ ಡಾಕ್ಟರಿಗೆ ತೋರಿಸಿ. ಆ ಚಿಕಿತ್ಸೆ ಅಲ್ಲಿ ಇಲ್ಲ ಎಂದಾದರೆ ಮುಂದಿನ ಆಸ್ಪತ್ರೆಗೆ ರೆಫರಲ್ ಬರೆಸಿಕೊಳ್ಳಿ. ಚೀಟಿ ಹಿಡಿದುಕೊಂಡು ಆಮೇಲೆ ಆರೋಗ್ಯಮಿತ್ರರ ಡೆಸ್ಕಿಗೆ ಹೋಗಿ.

ಈ ಡೆಸ್ಕ್ ಎಲ್ಲಿದೆ ಎಂದು ಹುಡುಕುವುದೇ ಅರ್ಧ ಕೆಲಸ. ಆರೋಗ್ಯಮಿತ್ರ ಎಂದರೆ ಯೋಜನೆಗೆ ಸೇರಿದ ಆಸ್ಪತ್ರೆಗಳಲ್ಲಿ ಕೂತು ಹೆಸರು ನೋಂದಾಯಿಸುವ, ಮಂಜೂರಾತಿಗೆ ಕಳಿಸುವ ಕೆಲಸ ನೋಡಿಕೊಳ್ಳುವವರು. ಬಿಲ್ಲಿಂಗ್ ಕೌಂಟರಿನವರು ಬೇರೆ, ಇವರು ಬೇರೆ. "ಸ್ಕೀಮ್ ನಡೆಯಲ್ಲ" ಎಂಬ ಮಾತು ಎಷ್ಟೋ ಸಲ ಬಿಲ್ಲಿಂಗ್ ಕೌಂಟರಿನಲ್ಲಿ ಹುಟ್ಟುತ್ತದೆ, ಆರೋಗ್ಯಮಿತ್ರರನ್ನು ಕೇಳಿಯೇ ಇರುವುದಿಲ್ಲ. ಹಾಗಾಗಿ ಯಾವ ಆಸ್ಪತ್ರೆಗೆ ಹೋದರೂ ಮೊದಲ ಮಾತು ಇದೇ ಆಗಿರಲಿ: ಆರೋಗ್ಯಮಿತ್ರ ಎಲ್ಲಿ ಕೂರುತ್ತಾರೆ?

ಇಷ್ಟೆಲ್ಲ ಸುತ್ತು ಯಾಕೆ ಅಂತ ಅನಿಸುತ್ತದೆ ಅಲ್ವಾ. ನಮ್ಮ ರಾಜ್ಯದ ಯೋಜನೆಯ ಕಟ್ಟೋಣವೇ ಹಾಗಿದೆ. 2018ರ ಮಾರ್ಚ್‌ನಲ್ಲಿ ಆರೋಗ್ಯ ಕರ್ನಾಟಕ ಶುರುವಾಯಿತು, ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಕೇಂದ್ರದ ಆಯುಷ್ಮಾನ್ ಭಾರತ್ ಬಂತು, ಅಕ್ಟೋಬರ್ ಕೊನೆಗೆ ಎರಡನ್ನೂ ಸೇರಿಸಿ ಒಂದೇ ಯೋಜನೆ ಮಾಡಿದರು. ನಡೆಸುವುದು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಸುಮಾರು 1,650 ಚಿಕಿತ್ಸೆಗಳಿವೆ, ಅವನ್ನು ನಾಲ್ಕು ಗುಂಪು ಮಾಡಿದ್ದಾರೆ. ಸರ್ಕಾರಿ ಆಸ್ಪತ್ರೆಯಲ್ಲೇ ಮಾಡಬಹುದಾದ ಸಾಮಾನ್ಯ ಚಿಕಿತ್ಸೆಗಳು 2ಎ, ಇವಕ್ಕೆ ಖಾಸಗಿಗೆ ಹೋಗುವ ಹಾಗಿಲ್ಲ. ಸ್ವಲ್ಪ ಕಷ್ಟದವು 2ಬಿ, ದೊಡ್ಡ ಚಿಕಿತ್ಸೆಗಳು 3ಎ. ಈ ಎರಡೂ ಮೊದಲು ಸರ್ಕಾರಿ ಆಸ್ಪತ್ರೆ ದಾಟಿಯೇ ಹೋಗಬೇಕು, ಅಲ್ಲಿ ಸೌಲಭ್ಯ ಇಲ್ಲದಿದ್ದರೆ ರೆಫರಲ್ ಪಡೆದು ಪಟ್ಟಿಯಲ್ಲಿರುವ ಖಾಸಗಿಗೆ. ನಾಲ್ಕನೆಯದು 4ಎ, ತುರ್ತು. ಅದಕ್ಕೆ ರೆಫರಲ್ ಬೇಕಿಲ್ಲ, ಪಟ್ಟಿಯಲ್ಲಿರುವ ಆಸ್ಪತ್ರೆಗೆ ನೇರವಾಗಿ ಹೋಗಬಹುದು.

ಕೈಯಲ್ಲಿ ಬಸ್ ಪಾಸ್ ಇದ್ದರೂ ಪಾಸಿನಲ್ಲಿ ಬರೆದ ರೂಟಿನ ಬಸ್ಸನ್ನೇ ಹತ್ತಬೇಕು. ಬಹಳ ಜನ ಕಾರ್ಡ್ ಮಾಡಿಸುವುದಕ್ಕೆ ದಿನಗಟ್ಟಲೆ ಓಡಾಡುತ್ತಾರೆ, ಆದರೆ ಅಡ್ಮಿಟ್ ಆಗುವ ದಿನ ಯಾವ ಬಾಗಿಲಿನಿಂದ ಒಳಗೆ ಹೋಗಬೇಕು ಎಂದು ವಿಚಾರಿಸಿರುವುದಿಲ್ಲ. ಮೊದಲು ದುಡ್ಡು ಕಟ್ಟಿ ಅಡ್ಮಿಟ್ ಆಗಿ ಆಮೇಲೆ ಬಿಲ್ ಹಿಡಿದು ಹೋದರೆ ವಾಪಸ್ ಬರಲ್ಲ. ಇದು ನಗದುರಹಿತ ಯೋಜನೆ, ಕಟ್ಟಿದ್ದನ್ನು ತುಂಬಿಕೊಡುವ ಯೋಜನೆ ಅಲ್ಲ. ನೀವು ಆಂಜಿಯೋಗ್ರಾಂಗೆ ಕೊಟ್ಟ ದುಡ್ಡು ಹೋಯಿತು ಎಂದೇ ತಿಳಿಯಿರಿ. ಅದರ ಹಿಂದೆ ಅಲೆದು ಟೈಮ್ ಹಾಳು ಮಾಡಿಕೊಳ್ಳಬೇಡಿ.

ಸ್ಟೆಂಟ್ ಎಲ್ಲಿ ಹಾಕಿಸಬೇಕು ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಹೃದಯದ ವಿಷಯಕ್ಕೆ ಬಂದರೆ ನಾನು ಬೆಂಗಳೂರಿನ ಜಯದೇವ ಎನ್ನುತ್ತೇನೆ. ಸರ್ಕಾರದ ಸ್ವಾಯತ್ತ ಸಂಸ್ಥೆ, ಇಂಥ ಯೋಜನೆಗಳಲ್ಲಿ ಪಳಗಿದ ಜನ ಅಲ್ಲಿದ್ದಾರೆ, ನೀವೂ ಬೆಂಗಳೂರಲ್ಲೇ ಇದ್ದೀರಿ. ಜನಜಂಗುಳಿ ಜಾಸ್ತಿ, ಬೆಳಿಗ್ಗೆ ಬೇಗ ಹೋಗಬೇಕು, ಕಾಯಬೇಕು, ಅದನ್ನು ಮುಚ್ಚಿಡುವುದಿಲ್ಲ. ಹತ್ತಿರವೇ ಬೇಕು ಎಂದರೆ ಕೋಲಾರದ ಟಮಕದಲ್ಲಿ ಜಾಲಪ್ಪ ಆಸ್ಪತ್ರೆ ಇದೆ, ಅಪ್ಪನಿಗೆ ಬೇಕಾದ ಚಿಕಿತ್ಸೆಗೆ ಯೋಜನೆಯಲ್ಲಿ ತೆಗೆದುಕೊಳ್ಳುತ್ತಾರಾ ಎಂದು ಮೊದಲೇ ಆರೋಗ್ಯಮಿತ್ರರನ್ನು ಕೇಳಿ. ಎಲ್ಲಿಗೆ ಹೋದರೂ ರೆಫರಲ್ ಚೀಟಿ ಜೊತೆಯಲ್ಲಿರಲಿ.

ಅಡ್ಮಿಟ್ ಆದ ಮೇಲೆ ಆಸ್ಪತ್ರೆಯವರು ಮಂಜೂರಾತಿಗೆ ಅರ್ಜಿ ಹಾಕುತ್ತಾರೆ, ಪ್ರೀ-ಆಥ್ ಎಂದು ಕರೆಯುವುದು ಇದನ್ನೇ. ಅದು ಬರುವ ಮುಂಚೆ "ಈಗ ಅಡ್ವಾನ್ಸ್ ಕಟ್ಟಿ, ಆಮೇಲೆ ಅಡ್ಜಸ್ಟ್ ಮಾಡ್ತೀವಿ" ಎಂದರೆ ಒಪ್ಪಬೇಡಿ. ಪ್ಯಾಕೇಜಿನಲ್ಲಿ, ಅಂದರೆ ಆ ಚಿಕಿತ್ಸೆಗೆ ಯೋಜನೆ ನಿಗದಿ ಮಾಡಿದ ದರದಲ್ಲಿ, ಹಾಸಿಗೆ, ಡಾಕ್ಟರ್ ಫೀಸು, ಸ್ಟೆಂಟ್, ಒಳಗಿನ ಔಷಧಿ, ಪರೀಕ್ಷೆ, ಊಟ ಎಲ್ಲ ಸೇರಿರುತ್ತದೆ. ಹೊರಗಡೆ ಮೆಡಿಕಲ್‌ನಿಂದ ತನ್ನಿ ಎಂದು ಚೀಟಿ ಕೊಟ್ಟರೆ ಅದನ್ನು ಇಟ್ಟುಕೊಳ್ಳಿ, ಆರೋಗ್ಯಮಿತ್ರರಿಗೆ ತೋರಿಸಿ. ಅಲ್ಲೂ ಬಗೆಹರಿಯದಿದ್ದರೆ ರಾಜ್ಯದ 104ಕ್ಕೆ ಅಥವಾ ಕೇಂದ್ರದ 14555ಕ್ಕೆ ಫೋನ್ ಮಾಡಿ ದೂರು ಕೊಡಿ, ದೂರಿನ ನಂಬರ್ ಬರೆದುಕೊಳ್ಳಿ. ಜಗಳಕ್ಕಿಂತ ಆ ನಂಬರಿಗೆ ಬೆಲೆ ಜಾಸ್ತಿ.

ಒಂದು ಎಚ್ಚರಿಕೆ. ಈ ಓಡಾಟದ ನಡುವೆ ಅಪ್ಪನಿಗೆ ಕೂತಲ್ಲೇ ಎದೆನೋವು ಬಂದರೆ, ಬೆವರು, ಎಡಗೈ ಸೆಳೆತ, ಉಸಿರು ಕಟ್ಟಿದ ಹಾಗೆ ಆದರೆ, ರೆಫರಲ್ಲು ಕಾರ್ಡು ಎಲ್ಲ ಬಿಟ್ಟುಬಿಡಿ. 108ಕ್ಕೆ ಫೋನ್ ಮಾಡಿ, ಹತ್ತಿರದ ತಾಲ್ಲೂಕು ಆಸ್ಪತ್ರೆಗೆ ಹೋಗಿ. ಬೆಂಗಳೂರಿಗೇ ಹೋಗೋಣ ಎಂದು ಕಾರು ಹುಡುಕುತ್ತಾ ಕೂರಬೇಡಿ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಜಾರಿಯಲ್ಲಿರುವ ಆಸ್ಪತ್ರೆಗಳಲ್ಲಿ ಅಲ್ಲೇ ಇಸಿಜಿ ತೆಗೆದು ಜಯದೇವದಂಥ ಕೇಂದ್ರದ ತಜ್ಞರಿಗೆ ಕಳಿಸುತ್ತಾರೆ. ಹೃದಯಾಘಾತ ಎಂದು ಖಚಿತವಾದರೆ ರಕ್ತ ಹೆಪ್ಪುಗಟ್ಟಿದ್ದನ್ನು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಟ್ಟು, ಆಮೇಲೆ ದೊಡ್ಡ ಆಸ್ಪತ್ರೆಗೆ ಕಳಿಸುತ್ತಾರೆ. ಹೊರಗೆ ಕೊಂಡರೆ ಹತ್ತಾರು ಸಾವಿರ ರೂಪಾಯಿಯ ಇಂಜೆಕ್ಷನ್ ಅದು. ಮೊದಲ ಒಂದೆರಡು ಗಂಟೆಯಲ್ಲಿ ಅದು ಬಿದ್ದರೆ ಹೃದಯದ ಸ್ನಾಯು ಉಳಿಯುತ್ತದೆ.

ಈಗ ಆ 70 ದಾಟಿದವರ ಕಾರ್ಡು. ಹೆಸರು ಆಯುಷ್ಮಾನ್ ವಯ ವಂದನಾ. ಕೇಂದ್ರ ಸಂಪುಟ 2024ರ ಸೆಪ್ಟೆಂಬರ್ 11ರಂದು ಒಪ್ಪಿತು, ಅಕ್ಟೋಬರ್ 29ರಂದು ಶುರುವಾಯಿತು. ಬಡವ ಶ್ರೀಮಂತ ಎಂದು ನೋಡದೆ 70 ತುಂಬಿದ ಎಲ್ಲರಿಗೂ ಎನ್ನುವುದೇ ಇದರ ವಿಶೇಷ. ನಿಮ್ಮ ಮನೆಯ ಹಾಗೆ ಆಗಲೇ ಯೋಜನೆಯಲ್ಲಿರುವ ಕುಟುಂಬವಾದರೆ, ಹಿರಿಯರಿಗೆ ಮಾತ್ರ ಬೇರೆಯೇ 5 ಲಕ್ಷ. ಅದನ್ನು ಮನೆಯ ಚಿಕ್ಕವರು ಬಳಸುವ ಹಾಗಿಲ್ಲ. ಗಂಡ ಹೆಂಡತಿ ಇಬ್ಬರಿಗೂ 70 ದಾಟಿದ್ದರೆ ಆ 5 ಲಕ್ಷ ಇಬ್ಬರ ನಡುವೆ ಹಂಚಿಕೆ. ಮುಂಚೆಯಿಂದ ಇದ್ದ ಕಾಯಿಲೆಗೆ ಕಾಯುವ ಅವಧಿ ಇಲ್ಲ, ಮೊದಲ ದಿನದಿಂದಲೇ ಲೆಕ್ಕ. ಖಾಸಗಿ ಇನ್ಶೂರೆನ್ಸ್ ಇದ್ದವರೂ ಮಾಡಿಸಬಹುದು. ಕೇಂದ್ರ ಸರ್ಕಾರಿ ನಿವೃತ್ತರ ಸಿಜಿಎಚ್‌ಎಸ್, ಮಾಜಿ ಸೈನಿಕರ ಇಸಿಎಚ್‌ಎಸ್ ಇರುವವರು ಮಾತ್ರ ಅದೋ ಇದೋ ಒಂದನ್ನು ಆರಿಸಿಕೊಳ್ಳಬೇಕು.

ಕಾಗದದ ಮೇಲೆ ಚೆನ್ನಾಗಿದೆ. ತೊಡಕು ಇರುವುದು ಬೇರೆ ಕಡೆ. ಕೇಂದ್ರ ಇದನ್ನು ಶುರು ಮಾಡಿದಾಗ ಕರ್ನಾಟಕ ತಕ್ಷಣ ಜಾರಿ ಮಾಡಲಿಲ್ಲ. ಖರ್ಚಿನಲ್ಲಿ ಕೇಂದ್ರದ ಪಾಲು ಸಾಲದು, ಹೊರೆ ಎಲ್ಲ ನಮ್ಮ ಮೇಲೆ ಬೀಳುತ್ತದೆ ಎನ್ನುವುದು ರಾಜ್ಯದ ತಕರಾರು. ಯಾರದ್ದು ಸರಿ ಎಂದು ಇಲ್ಲಿ ತೀರ್ಪು ಕೊಡಲು ಹೋಗುವುದಿಲ್ಲ, ಆದರೆ ಇಬ್ಬರ ಲೆಕ್ಕಾಚಾರದ ನಡುವೆ ಸಿಕ್ಕಿಕೊಂಡವರು ಕಾರ್ಡ್ ಹಿಡಿದು ನಿಂತ ಮುದುಕರು. ಕಾರ್ಡ್ ಕೇಂದ್ರದ ಆ್ಯಪ್‌ನಲ್ಲಿ ತಯಾರಾಗುತ್ತದೆ, ಹಣ ಪಾವತಿ ರಾಜ್ಯದ ಟ್ರಸ್ಟ್ ಮೂಲಕ ಆಗಬೇಕು. ಮೊದಲನೆಯದು ಆದ ಮಾತ್ರಕ್ಕೆ ಎರಡನೆಯದು ಆಗುತ್ತದೆ ಎಂದುಕೊಳ್ಳಬೇಡಿ. "ಈ ಚಿಕಿತ್ಸೆಗೆ ವಯ ವಂದನಾದಲ್ಲಿ ಇಲ್ಲಿ ಪ್ರೀ-ಆಥ್ ಹಾಕ್ತೀರಾ?" ಎಂದು ಆರೋಗ್ಯಮಿತ್ರರನ್ನು ಅಡ್ಮಿಟ್ ಆಗುವ ಮುಂಚೆ ನೇರವಾಗಿ ಕೇಳಿ. ಹೌದು ಎಂದರೆ ಅಪ್ಪನಿಗೆ ಹೆಚ್ಚುವರಿ ಬಲ. ಇಲ್ಲ ಎಂದರೆ ವಾದ ಮಾಡಬೇಡಿ, ರೇಷನ್ ಕಾರ್ಡ್ ಮುಂದಿಡಿ. ಮಾಡಿಸಿಟ್ಟ ಕಾರ್ಡ್ ಎಲ್ಲೂ ಹೋಗುವುದಿಲ್ಲ, ಇರಲಿ.

ಕಾರ್ಡ್ ಇನ್ನೂ ಮಾಡಿಸದವರಿಗೆ ಒಂದು ಮಾತು. ಇದಕ್ಕೆ ಬೇಕಾದ ದಾಖಲೆ ಆಧಾರ್ ಒಂದೇ, ವಯಸ್ಸನ್ನೂ ಅದರಿಂದಲೇ ನೋಡುತ್ತಾರೆ. ನಮ್ಮ ಕಡೆಯ ಹಿರಿಯರ ಆಧಾರ್‌ನಲ್ಲಿ ಹುಟ್ಟಿದ ವರ್ಷ ಎಂದರೆ ಅವತ್ತು ಬರೆದುಕೊಂಡವರ ಅಂದಾಜು. "ಎಷ್ಟಜ್ಜಿ ವಯಸ್ಸು?" "ಅರವತ್ತಿರಬೋದು ಕಣಪ್ಪ." ಅಷ್ಟೇ, ಅಚ್ಚಾಯಿತು. ನಿಜಕ್ಕೂ 74 ಆದವರು ಆಧಾರ್ ಪ್ರಕಾರ 67 ಆಗಿರುತ್ತಾರೆ. ಸರಿಪಡಿಸಲು ದಾಖಲೆ ಬೇಕು, ಶಾಲೆಗೇ ಹೋಗದವರ ಹತ್ತಿರ ದಾಖಲೆ ಎಲ್ಲಿಂದ ಬರಬೇಕು? ಹುಟ್ಟಿದ ದಿನಾಂಕ ಬದಲಿಸಲು ಸಾಮಾನ್ಯವಾಗಿ ಒಂದೇ ಅವಕಾಶ ಇರುವುದರಿಂದ ಸೈಬರ್ ಸೆಂಟರಿನಲ್ಲಿ ಯಾರೋ ಹೇಳಿದರೆಂದು ಏನೋ ಒಂದು ತುಂಬಿಸಬೇಡಿ. ಆಧಾರ್ ಕೇಂದ್ರದಲ್ಲಿ ಯಾವ ದಾಖಲೆ ನಡೆಯುತ್ತದೆ ಎಂದು ಮೊದಲು ಕೇಳಿಕೊಳ್ಳಿ. ಇನ್ನು ಹೆಬ್ಬೆಟ್ಟು. ಟೊಮೆಟೊ ಕಿತ್ತು, ಹಾಲು ಕರೆದು, ರೇಷ್ಮೆ ನೂಲು ತೆಗೆದು ಸವೆದ ಬೆರಳುಗಳನ್ನು ಮಿಷನ್ ಒಪ್ಪುವುದಿಲ್ಲ. ಗಾಬರಿ ಬೇಡ. ಆಧಾರ್‌ಗೆ ಮೊಬೈಲ್ ನಂಬರ್ ಜೋಡಿಸಿದ್ದರೆ ಓಟಿಪಿ ಬರುತ್ತದೆ, ಇಲ್ಲದಿದ್ದರೆ ಕಣ್ಣು ಅಥವಾ ಮುಖ ತೋರಿಸಿಯೂ ಆಗುತ್ತದೆ. ಆದರೆ ಜೋಡಿಸಿದ ನಂಬರ್ ಊರು ಬಿಟ್ಟ ಮೊಮ್ಮಗನದ್ದಾಗಿದ್ದರೆ, ಓಟಿಪಿ ಬರುವ ಹೊತ್ತಿಗೆ ಅವನು ಫೋನ್ ಎತ್ತುವ ಹಾಗೆ ನೋಡಿಕೊಳ್ಳಿ.

ಇನ್ನೊಂದು ಗೊಂದಲ ನನಗೆ ವಾರಕ್ಕೊಮ್ಮೆಯಾದರೂ ಎದುರಾಗುತ್ತದೆ. ಆಭಾ ಕಾರ್ಡ್ ಎಂದು 14 ಅಂಕಿಯ ಒಂದು ನಂಬರ್ ಕೊಡುತ್ತಾರೆ. ಅದು ನಿಮ್ಮ ರಿಪೋರ್ಟುಗಳನ್ನು ಆನ್‌ಲೈನ್‌ನಲ್ಲಿ ಜೋಡಿಸಿಡುವ ಗುರುತು ಅಷ್ಟೇ, ಅದರಲ್ಲಿ ಒಂದು ರೂಪಾಯಿಯ ಇನ್ಶೂರೆನ್ಸ್ ಕೂಡ ಇಲ್ಲ. ಹಾಗೆಯೇ ಬ್ಯಾಂಕ್ ಖಾತೆಯಿಂದ ವರ್ಷಕ್ಕೆ 20 ರೂಪಾಯಿ ಕಟ್ಟಾಗುವ ಸುರಕ್ಷಾ ಬಿಮಾ. ಅದು ಅಪಘಾತದಲ್ಲಿ ಸತ್ತರೆ ಅಥವಾ ಅಂಗ ಊನವಾದರೆ ಬರುವ ದುಡ್ಡು, ಅದೂ 70 ವರ್ಷದವರೆಗೆ ಮಾತ್ರ. ಆಸ್ಪತ್ರೆ ಬಿಲ್ಲಿಗೂ ಅದಕ್ಕೂ ಸಂಬಂಧವಿಲ್ಲ. "ನಮ್ಮಪ್ಪನಿಗೆ ಎಲ್ಲ ಇನ್ಶೂರೆನ್ಸೂ ಇದೆ ಸಾರ್" ಎಂದು ಇವೆರಡನ್ನೇ ತೋರಿಸುವವರನ್ನು ನೋಡಿದರೆ ಏನು ಹೇಳಬೇಕೋ ತಿಳಿಯುವುದಿಲ್ಲ.

ಅಮ್ಮನ ವಿಷಯ ಸುಲಭ. ಬಿಪಿಎಲ್ ಕಾರ್ಡಿನಲ್ಲಿ ಅವರ ಹೆಸರಿದೆ ಅಲ್ವಾ? ಹಾಗಿದ್ದರೆ ಅವರು ಈಗಲೇ ಯೋಜನೆಯಲ್ಲಿದ್ದಾರೆ. 66 ಆಗಲಿ 6 ಆಗಲಿ, ವಯಸ್ಸಿನ ಮಿತಿ ಇಲ್ಲ. 70 ಆಗಿಲ್ಲ ಎಂದು ಯಾರಾದರೂ ವಾಪಸ್ ಕಳಿಸಿದ್ದರೆ ಅವರು ವಯ ವಂದನಾ ತೆರೆದು ನೋಡಿದ್ದಾರೆ ಅಷ್ಟೇ. ಗ್ರಾಮ ಒನ್‌ಗೆ ಹೋಗಿ ರೇಷನ್ ಕಾರ್ಡಿನ ಮೇಲೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಕಾರ್ಡ್ ಮಾಡಿಸಿ. ನೆನಪಿಡಬೇಕಾದದ್ದು, ಆ 5 ಲಕ್ಷ ಇಡೀ ರೇಷನ್ ಕಾರ್ಡಿಗೆ ಒಟ್ಟು. ಅಣ್ಣನ ಸಂಸಾರವೂ ಅದರಲ್ಲೇ ಇರುವುದರಿಂದ ಅಪ್ಪನ ಸ್ಟೆಂಟಿಗೆ ಹೋದದ್ದು ಕಳೆದು ಉಳಿದದ್ದರಲ್ಲಿ ಎಲ್ಲರೂ. ಸಾಮಾನ್ಯವಾಗಿ ಸಾಕಾಗುತ್ತದೆ. ಅದಕ್ಕೆಂದು ಆತುರದಲ್ಲಿ ಕಾರ್ಡ್ ಬೇರೆ ಮಾಡಿಸಲು ಹೋಗಬೇಡಿ, ಇರುವ ಬಿಪಿಎಲ್ಲಿಗೇ ಕುತ್ತು ಬರಬಹುದು. 2024ರ ನವೆಂಬರ್‌ನಲ್ಲಿ ಬಿಪಿಎಲ್ ಕಾರ್ಡುಗಳನ್ನು ಎಪಿಎಲ್‌ಗೆ ಹಾಕಿ, ಗಲಾಟೆಯಾದ ಮೇಲೆ ವಾಪಸ್ ಕೊಟ್ಟ ಕಥೆ ನಿಮಗೆ ಗೊತ್ತೇ ಇದೆ. ಅಕ್ಕಿ ಹೋಯಿತು ಎಂದಷ್ಟೇ ಜನ ಬೈದರು, ಆಸ್ಪತ್ರೆಯ 5 ಲಕ್ಷವೂ ಅದೇ ಕಾರ್ಡಿಗೆ ಅಂಟಿಕೊಂಡಿದೆ ಎಂದು ಎಷ್ಟೋ ಜನಕ್ಕೆ ಹೊಳೆಯಲೇ ಇಲ್ಲ. ನ್ಯಾಯಬೆಲೆ ಅಂಗಡಿಯಲ್ಲಿ ಎಲ್ಲರ ಇ-ಕೆವೈಸಿ ಆಗಿದೆಯಾ, ಅಪ್ಪ ಅಮ್ಮನ ಹೆಸರು ಆಧಾರ್‌ನಲ್ಲಿರುವ ಹಾಗೆಯೇ ಇದೆಯಾ ಎಂದು ಒಮ್ಮೆ ನೋಡಿಬಿಡಿ. ವೆಂಕಟಮ್ಮ ಒಂದು ಕಡೆ, ವೆಂಕಟಲಕ್ಷ್ಮಮ್ಮ ಇನ್ನೊಂದು ಕಡೆ ಇದ್ದರೆ ಅದು ತೊಂದರೆ ಕೊಡುವುದು ಅಡ್ಮಿಟ್ ಆಗುವ ದಿನವೇ.

ಬಿಪಿ, ಶುಗರ್ ಮಾತ್ರೆಗೆ ಈ ಯಾವ ಕಾರ್ಡೂ ಉಪಯೋಗವಿಲ್ಲ. ಅಡ್ಮಿಟ್ ಆದರೆ ಮಾತ್ರ ಇವುಗಳ ಕೆಲಸ. ಆದರೆ ವಯಸ್ಸಾದವರಿಗೆ ತಿಂಗಳು ತಿಂಗಳೂ ಖರ್ಚಾಗುವುದು ಮಾತ್ರೆಗೇ ತಾನೇ? ಅದಕ್ಕೆ ನಿಮ್ಮ ಜಿಲ್ಲೆಯಲ್ಲಿ ಬೇರೆ ದಾರಿ ಇದೆ. ಗೃಹ ಆರೋಗ್ಯ ಯೋಜನೆಯನ್ನು ರಾಜ್ಯ ಸರ್ಕಾರ 2024ರ ಅಕ್ಟೋಬರ್‌ನಲ್ಲಿ ಪ್ರಯೋಗವಾಗಿ ಶುರು ಮಾಡಿದ್ದೇ ಕೋಲಾರ ಜಿಲ್ಲೆಯಲ್ಲಿ. 30 ದಾಟಿದವರನ್ನು ಮನೆ ಬಾಗಿಲಲ್ಲೇ ಪರೀಕ್ಷಿಸಿ, ಬಿಪಿ ಶುಗರ್ ಇದ್ದವರಿಗೆ ಮಾತ್ರೆ ಕೊಡುವ ಯೋಜನೆ. ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನು ಕೇಳಿ, ಅಮ್ಮನ ಹೆಸರು ಪಟ್ಟಿಯಲ್ಲಿಲ್ಲದಿದ್ದರೆ ಸೇರಿಸಿಸಿ.

ಯಶಸ್ವಿನಿ ದಂಡ ಅಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೆ ಕಟ್ಟುತ್ತಿದ್ದೆ. 2003ರಲ್ಲಿ ರೈತ ಸಹಕಾರಿಗಳಿಗೆಂದು ಶುರುವಾಗಿ, 2018ರಲ್ಲಿ ಆರೋಗ್ಯ ಕರ್ನಾಟಕದೊಳಗೆ ಸೇರಿಹೋಗಿ ನಿಂತಿತ್ತು. ಮತ್ತೆ ಜೀವ ಬಂದು 2023ರ ಜನವರಿಯಿಂದ ಚಿಕಿತ್ಸೆ ಸಿಗುತ್ತಿದೆ. ಮತ್ತೆ ಶುರುವಾದಾಗ ಇಟ್ಟ ಶುಲ್ಕ ಹಳ್ಳಿಯವರಿಗೆ ನಾಲ್ಕು ಜನರ ಕುಟುಂಬಕ್ಕೆ 500, ಮೇಲೆ ತಲೆಗೆ 100. ಪಟ್ಟಣದ ಸಹಕಾರ ಸಂಘಗಳವರಿಗೆ ಅದರ ಎರಡರಷ್ಟು. ಪರಿಶಿಷ್ಟ ಜಾತಿ, ಪಂಗಡದವರ ಪಾಲನ್ನು ಸರ್ಕಾರವೇ ಕಟ್ಟುತ್ತದೆ. ವರ್ಷಕ್ಕೆ ಕುಟುಂಬಕ್ಕೆ 5 ಲಕ್ಷ. ಎಲ್ಲಕ್ಕಿಂತ ದೊಡ್ಡ ಅನುಕೂಲವೆಂದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಇಲ್ಲದೆ ಅದರ ನೆಟ್‌ವರ್ಕ್ ಆಸ್ಪತ್ರೆಗೆ ನೇರವಾಗಿ ಹೋಗಬಹುದು. ಕೋಲಾರ ಚಿಕ್ಕಬಳ್ಳಾಪುರದಲ್ಲಿ ಡೇರಿ ಇಲ್ಲದ ಊರು ಹುಡುಕುವುದೇ ಕಷ್ಟ, ಸದಸ್ಯತ್ವ ಅಪ್ಪನ ಹೆಸರಲ್ಲಿ ಆಗಲೇ ಇರುತ್ತದೆ. ಆದರೆ ಕಟ್ಟಿದ ಮಾರನೇ ದಿನವೇ ಚಿಕಿತ್ಸೆ ಸಿಗಲ್ಲ, ನೋಂದಣಿಗೆ ಒಂದು ಅವಧಿ ಇರುತ್ತದೆ, ಚಿಕಿತ್ಸೆಯ ವರ್ಷ ಆಮೇಲೆ ಶುರು. ಅಪ್ಪನ ಈ ಸ್ಟೆಂಟಿಗೆ ಇದನ್ನು ನಂಬಿಕೊಂಡು ಕಾಯಬೇಡಿ. ಡೇರಿ ಕಾರ್ಯದರ್ಶಿಯಿಂದ ರಸೀದಿ ತೆಗೆದುಕೊಳ್ಳಿ, ಅಮ್ಮನ ಹೆಸರೂ ಬರೆದಿದ್ದಾರಾ ನೋಡಿ. ಸದಸ್ಯರ ಹೆಸರೊಂದನ್ನೇ ಬರೆದು ಹೆಂಡತಿಯ ಹೆಸರು ಬಿಟ್ಟುಹೋದದ್ದು ಗೊತ್ತಾಗುವುದು ಆಸ್ಪತ್ರೆಯಲ್ಲೇ.

ಚಿಕ್ಕಪ್ಪನ ಲೆಕ್ಕ ಬೇರೆ. ಎಪಿಎಲ್‌ನವರಿಗೂ ಆರೋಗ್ಯ ಕರ್ನಾಟಕ ಇದೆ, ಆದರೆ ಪ್ಯಾಕೇಜ್ ದರದ 30 ಶೇಕಡಾ ಮಾತ್ರ ಸರ್ಕಾರ ಕೊಡುತ್ತದೆ, ಕುಟುಂಬಕ್ಕೆ ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ಉಳಿದದ್ದು ಕೈಯಿಂದ. ಅದೂ ಕಮ್ಮಿಯೇನಲ್ಲ, ಪ್ಯಾಕೇಜ್ ದರ ಖಾಸಗಿ ಬಿಲ್ಲಿಗಿಂತ ಸಾಕಷ್ಟು ಕಡಿಮೆ ಇರುತ್ತದೆ. ಇನ್ಶೂರೆನ್ಸ್ ಕೊಳ್ಳಬೇಕೆಂದರೆ ಈಗ ಪರಿಸ್ಥಿತಿ ಸ್ವಲ್ಪ ವಾಸಿ. 65 ದಾಟಿದವರಿಗೆ ಹೊಸ ಪಾಲಿಸಿ ಕೊಡುವುದಿಲ್ಲ ಎನ್ನುವ ಮಿತಿ 2024ರ ಏಪ್ರಿಲ್‌ನಿಂದ ಹೋಗಿದೆ, ಹಳೇ ಕಾಯಿಲೆಗೆ ಕಾಯಿಸುವ ಅವಧಿ ಮೂರು ವರ್ಷಕ್ಕಿಂತ ಜಾಸ್ತಿ ಇರುವಂತಿಲ್ಲ, 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಪಾಲಿಸಿಗಳ ಮೇಲೆ ಜಿಎಸ್‌ಟಿ ಇಲ್ಲ. ಆದರೂ ಪ್ರೀಮಿಯಂ ಕೇಳಿದರೆ ಎದೆ ಧಸಕ್ಕೆನ್ನುತ್ತದೆ.

ಅದಕ್ಕೆ ಮುಂಚೆ ಅವರನ್ನು ಒಂದು ಪ್ರಶ್ನೆ ಕೇಳಿ. ಫ್ಯಾಕ್ಟರಿಯಲ್ಲಿ ಸಂಬಳದಿಂದ ಇಎಸ್‌ಐ, ಅಂದರೆ ಕಾರ್ಮಿಕರ ವಿಮೆಯ ದುಡ್ಡು, ಹಿಡಿಯುತ್ತಿದ್ದರಾ? ಮಾಲೂರು, ನರಸಾಪುರ, ವೇಮಗಲ್, ಆ ಕಡೆ ತುಮಕೂರಿನ ವಸಂತನರಸಾಪುರದ ಕಾರ್ಖಾನೆಗಳಲ್ಲಿ ದುಡಿದವರಲ್ಲಿ ಬಹಳ ಜನಕ್ಕೆ ಇದು ಗೊತ್ತಿಲ್ಲ. ಕನಿಷ್ಠ ಐದು ವರ್ಷ ಇಎಸ್‌ಐನಲ್ಲಿದ್ದು ವಯಸ್ಸಾಗಿ ನಿವೃತ್ತರಾದವರು ವರ್ಷಕ್ಕೆ 120 ರೂಪಾಯಿ ಕಟ್ಟಿದರೆ ತಮಗೂ ಹೆಂಡತಿಗೂ ಇಎಸ್‌ಐ ಚಿಕಿತ್ಸೆ ಮುಂದುವರಿಯುತ್ತದೆ. ತಿಂಗಳಿಗೆ ಹತ್ತು ರೂಪಾಯಿ. ಸಂಬಳ 21,000 ದಾಟಿ ಇಎಸ್‌ಐನಿಂದ ಹೊರಬಿದ್ದು ಆಮೇಲೆ ನಿವೃತ್ತರಾಗಿದ್ದರೂ ಸುಮ್ನೆ ಕೈಬಿಡಬೇಡಿ, ಅಂಥವರಿಗೂ ಕೆಲವು ಷರತ್ತಿನ ಮೇಲೆ ಅವಕಾಶ ಕೊಡಲು 2024ರಲ್ಲಿ ಇಎಸ್‌ಐ ನಿಗಮ ತೀರ್ಮಾನಿಸಿದೆ. ಹಳೇ ಇಎಸ್‌ಐ ನಂಬರು, ಕಂಪನಿಯವರು ಕೊಟ್ಟ ನಿವೃತ್ತಿ ಪತ್ರ, ಚಿಕ್ಕಮ್ಮನ ಆಧಾರ್ ಹಿಡಿದುಕೊಂಡು ಹತ್ತಿರದ ಇಎಸ್‌ಐ ಶಾಖಾ ಕಚೇರಿಗೆ ಹೋಗಲಿ. ನಂಬರು ಕಳೆದುಹೋಗಿದ್ದರೆ ಹಳೇ ಸಂಬಳದ ಚೀಟಿಯಲ್ಲಿ ಹುಡುಕಲಿ, ಅಲ್ಲೇ ಅಚ್ಚಾಗಿರುತ್ತದೆ.